ಗೌಂಡಿ ಮುಚ್ಚಿದ ಬೆಳಕಿಂಡಿ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಮಣ್ಣೆತ್ತಿನ ಅಮಾವಾಸ್ಯೆಯ ದಿನ. ಆರನೇ ಇಯತ್ತೆಯ ಪುಸ್ತಕಗಳನ್ನು ಗೂಡಿನಲ್ಲಿಟ್ಟು, ಯಾರಿಗೂ ಹೇಳದೆ ಹೊರಟೆ. ಅಮಾವಾಸ್ಯೆಯಂದು ಯಾರೂ ಪ್ರಯಾಣ ಹೊರಡುವುದಿಲ್ಲ. ಹಾಗಾಗಿ ಎದುರಿಗೆ ಸಿಕ್ಕವರು ಎಲ್ಲಿಗೆ ಎಂದು ಕೇಳಲಿಲ್ಲ. ಆಮೇಲೆ ಹಾಗೆ ಬಿಟ್ಟು ಬಂದ ಊರುಗಳನ್ನೆಲ್ಲ ನಾನು ನೆನಪಿಟ್ಟಿಲ್ಲ. ಇಟ್ಟಂಗಿ ಭಟ್ಟಿ, ಹತ್ತಿ ಗಿರಣಿ, ಒಬ್ಬರ ಮನೆಯ ದನ, ಇನ್ನೊಬ್ಬರ ಅಂಗಡಿ. ಎಲ್ಲಿಂದಲೂ ಜಗಳವಾಡಿ ಹೊರಟವನಲ್ಲ. ಸೇರದಿದ್ದರೆ ಎದ್ದು ಹೋಗುತ್ತಿದ್ದೆ, ಅಷ್ಟೆ.

ಹಳ್ಳದ ದಂಡೆಯ ಮಠದಲ್ಲಿ ಮುಪ್ಪಯ್ಯಜ್ಜನವರ ಹತ್ತಿರ ಮೂರು ತಿಂಗಳು ಇದ್ದೆ. ನೀರು ಸೇದುವುದು, ಕಸ ಹೊಡೆಯುವುದು ನನ್ನ ಪಾಲಿನ ಕೆಲಸ. ಒಂದು ಮುಂಜಾನೆ ಅವರು ಪೂಜೆ ಮುಗಿಸಿ ಕಟ್ಟೆಗೆ ಬಂದು ಕುಳಿತಾಗ ಕೇಳಿದೆ.

“ಅಜ್ಜಾರ, ಸೇರದ ಕಡೆ ಯಾರಿಗೂ ಒಂದು ಮಾತು ಅನ್ನದ, ಸುಮ್ಮನ ಎದ್ದು ಹೋಗೋನು ಯಾರಿಗೆ ಏನು ಕೇಡು ಮಾಡಿದಂಗಾತು?”

ಅವರು ನಕ್ಕರು. “ಹೊಂಡೋ ಮನಸಾಗೈತಿ ನಿನಗ. ಅದಕ್ಕ ನನ್ನ ಕಡಿಂದ ಒಂದು ಚೀಟಿ ಬೇಕಾಗೈತಿ,” ಎಂದರು. ಕುಳಿತುಕೋ ಎಂದು ಕೈ ತೋರಿಸಿದರು. ಆಮೇಲೆ ನಗಲಿಲ್ಲ. ಅವರು ಹೇಳಿದ್ದು ಇದು.

ಒಂದು ಊರಿನಲ್ಲಿ ಮನೆ ಕಟ್ಟುವ ಗೌಂಡಿ ಒಬ್ಬ ಇದ್ದ. ಹಗೇವಿನ ಬಾಯಿ ಕಟ್ಟುವುದರಲ್ಲಿ ಅವನ ಕೈ ಹೆಸರಾಗಿತ್ತು. ನೆಲದಲ್ಲಿ ಬಾವಿಯಂತೆ ತೋಡಿದ ಹಗೇವಿಗೆ ಜೋಳ ತುಂಬಿ, ಮೇಲೆ ಚಪ್ಪಡಿ ಎಳೆದು ಅವನು ಮಣ್ಣು ಮೆತ್ತಿದರೆ ಇರುವೆಗೂ ದಾರಿ ಸಿಗುತ್ತಿರಲಿಲ್ಲ. ಎರಡು ವರ್ಷ ಬಿಟ್ಟು ತೆಗೆದರೂ ಜೋಳ ಹಾಕಿದ ಹಾಗೆಯೇ ಇರುತ್ತಿತ್ತು.

ಹಗೇವು ತೆಗೆಯುವುದಕ್ಕೂ ಅವನನ್ನೇ ಕರೆಯುತ್ತಿದ್ದರು. ಅವನು ಚಪ್ಪಡಿ ಸರಿಸಿ ಒಂದು ದಿನ ಹಾಗೆಯೇ ಬಿಡುತ್ತಿದ್ದ. ಮರುದಿನ ಹಗ್ಗಕ್ಕೆ ದೀಪ ಕಟ್ಟಿ ಕೆಳಗೆ ಬಿಡುತ್ತಿದ್ದ. ದೀಪ ಉರಿದರೆ ಆಳು ಇಳಿಯಬಹುದು. ಆರಿದರೆ ಇಳಿಯಬಾರದು; ಇಳಿದವನು ಮೇಲೆ ಬರುವುದಿಲ್ಲ. ಇದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅವನ ಹೆಂಡತಿ ಚೊಚ್ಚಲ ಹೆರಿಗೆಯಾದ ಏಳನೆಯ ದಿನ ನಡುಕ ಬಂದು ತೀರಿಕೊಂಡಿದ್ದಳು. ಮಾಳಿಗೆಯ ಬೆಳಕಿಂಡಿಯಿಂದ ಗಾಳಿ ಇಳಿದು ಬಾಣಂತಿಗೆ ಸನ್ನಿಯಾಯಿತು ಎಂದು ಹಿರಿಯರು ಹೇಳಿದರು. ಬೆಳಕು ಬರಲಿ, ಹೊಗೆ ಹೋಗಲಿ ಎಂದು ಎಲ್ಲ ಮನೆಗಳ ಮಾಳಿಗೆಯಲ್ಲೂ ಬಿಡುವ ಕಿಂಡಿ ಅದು. ತನ್ನ ಮನೆಯ ಕಿಂಡಿಯನ್ನು ಬಿಟ್ಟವನು ಅವನೇ. ಹಿರಿಯರ ಮಾತು ಅವನ ಎದೆಯಲ್ಲಿ ಕುಳಿತುಬಿಟ್ಟಿತು. ಅವನಿಗೆ ಉಳಿದದ್ದು ಒಂದು ಹೆಣ್ಣು ಕೂಸು. ಅದನ್ನು ಸಾಕಿದ, ದೊಡ್ಡವಳನ್ನಾಗಿ ಮಾಡಿದ, ಮದುವೆ ಮಾಡಿ ಕೊಟ್ಟ. ಮಾಗಿಯ ಚಳಿಯಲ್ಲಿ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು.

ಅವಳು ಬರುವ ಮೊದಲೇ ಅವನು ಕೋಣೆ ಸಿದ್ಧಮಾಡಿದ್ದ. ಬೆಳಕಿಂಡಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತಿದ್ದ. ಗೋಡೆಯಲ್ಲಿದ್ದ ಎರಡು ಕಿಂಡಿ ತುಂಬಿದ್ದ. ಬಾಗಿಲ ಸಂದಿಗೆ ಕಂಬಳಿಯ ಪಟ್ಟಿ ಬಡಿದಿದ್ದ. ಅವನ ತಮ್ಮ ಮಣ್ಣು ತುಳಿದು ಕೊಡುತ್ತಿದ್ದ, ಇವನು ಮೆತ್ತುತ್ತಿದ್ದ. ಕೆಲಸ ಮುಗಿದ ಮೇಲೆ ಇಬ್ಬರೂ ಒಳಗೆ ನಿಂತು ಬಾಗಿಲು ಹಾಕಿಕೊಂಡು ನೋಡಿದರು. ಬೆಳಕಿನ ಒಂದು ಎಳೆಯೂ ಕಾಣಲಿಲ್ಲ. ಅವನಿಗೆ ನೆಮ್ಮದಿಯಾಯಿತು.

ಹೆರಿಗೆ ಸುಸೂತ್ರವಾಯಿತು. ಅವಳು ಮಲಗಿದ ಹೊರಸಿನ ಕೆಳಗೆ ಇದ್ದಿಲ ಅಗ್ಗಿಷ್ಟಿಕೆ ಇಟ್ಟರು. ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹಾಕಿದರು. ಎಲ್ಲ ಬಾಣಂತಿಯರಿಗೂ ಮಾಡುವುದೇ. ಉಳಿದ ಮನೆಗಳಲ್ಲಿ ಹೊಗೆ ಕಿಂಡಿಯಿಂದ ಹೋಗುತ್ತಿತ್ತು. ಇಲ್ಲಿ ಹೋಗಲಿಲ್ಲ.

ನೀರೆರೆಯಲು ಬಂದ ಸೂಲಗಿತ್ತಿ ಹೊಸ್ತಿಲಲ್ಲೇ ಕೆಮ್ಮಿದಳು. ಅವಳು ಆ ಊರಿನ ಅರ್ಧ ಜನರನ್ನು ಹುಟ್ಟುವಾಗ ತನ್ನ ಕೈಯಲ್ಲಿ ಹಿಡಿದವಳು. ಯಾರಿಗೂ ಅಂಜಿ ಮಾತಾಡುವವಳಲ್ಲ.

“ಏನಣ್ಣಾ, ಬಾಣಂತಿಗೆ ಖೋಲಿ ಮಾಡೀಯೋ, ಜ್ವಾಳಕ್ಕ ಹಗೇವ ಮಾಡೀಯೋ? ಮ್ಯಾಲ ಒಂದು ಅಂಗೈಯಷ್ಟು ಕಿಂಡಿ ಬಿಡು.”

“ಅಕ್ಕಾ, ಅಂಗೈಯಷ್ಟ ಕಿಂಡಿನ ನನ್ನ ಹೇಂತೀನ ಒಯ್ದಿದ್ದು,” ಎಂದ ಗೌಂಡಿ.

ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದಳು.

ಮೂರನೆಯ ದಿನ ಮಗಳು ತಲೆನೋವು ಎಂದಳು. ಚಳಿ ಹೊಕ್ಕಿದೆ ಎಂದು ಅವನು ಎರಡು ಬೊಗಸೆ ಇದ್ದಿಲು ಹೆಚ್ಚು ಹಾಕಿದ. ಐದನೆಯ ದಿನ ವಾಂತಿ ಮಾಡಿಕೊಂಡಳು. ಮತ್ತೆ ಇದ್ದಿಲು ಹಾಕಿದ. ಬಾಗಿಲ ಕೆಳಗೆ ಗೋಣಿಚೀಲ ತುರುಕಿದ. ಸೂಲಗಿತ್ತಿ ಒಂದು ವಿಷಯ ಗಮನಿಸಿದ್ದಳು. ಬಚ್ಚಲಿಗೆ ಕರೆತಂದು ಎರೆಯುವಾಗ ಹುಡುಗಿ ಗೆಲುವಾಗುತ್ತಿದ್ದಳು, ಮಾತಾಡುತ್ತಿದ್ದಳು. ಕೋಣೆಗೆ ಹೋಗಿ ಮಲಗಿದರೆ ಮತ್ತೆ ಮಂಕಾಗುತ್ತಿದ್ದಳು. ಇದು ಸನ್ನಿಯಲ್ಲ, ಸನ್ನಿಯಾದರೆ ಬಚ್ಚಲಲ್ಲೂ ಇರಬೇಕು ಎಂದು ಅವಳು ಗೌಂಡಿಗೆ ಎರಡು ಸಲ ಹೇಳಿದಳು. ಬಿಸಿನೀರು ಬಿದ್ದಾಗ ಯಾರಾದರೂ ಗೆಲುವಾಗುತ್ತಾರೆ ಎಂದು ಅವನು ಎರಡು ಸಲವೂ ಹೇಳಿದ.

ಒಂಬತ್ತನೆಯ ದಿನ ಎರೆದು ಮಲಗಿಸಿದ ಮೇಲೆ ಮಗಳು ಒಳಗಿನಿಂದ ಕೂಗಿದಳು.

“ಅಪ್ಪಾ, ತಲಿ ಸಿಡ್ಯಾಕ ಹತ್ತೈತಿ. ಬಾಗಿಲಾ ಒಂಚೂರು ತಗಿಯಪ್ಪಾ.”

“ಈಗರ ಎರಕೊಂಡೀ. ಹಸಿ ಮೈ. ಕಣ್ಣು ಮುಚ್ಚಿ ಮಲಕೋ, ನನ್ನವ್ವಾ.”

ಅವಳು ಮತ್ತೆ ಕೇಳಲಿಲ್ಲ.

ಸೂಲಗಿತ್ತಿ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಹೋಗಿದ್ದಳು. ಹೊಕ್ಕಳು ಉದುರಿದೆ, ಎಳೆ ಬಿಸಿಲು ತಾಗಲಿ ಎಂದು ಗೌಂಡಿಯ ಬೈಗುಳ ಕೇಳಿಯೂ ಒಯ್ದಿದ್ದಳು. ಕೂಸು ಹಾಲಿಗೆ ಅತ್ತಾಗ ಒಳಗೆ ತಂದಳು. ಬಾಗಿಲು ತೆಗೆದವಳು ಅಲ್ಲಿಯೇ ನಿಂತಳು.

ಹುಡುಗಿಯ ಮುಖ ಕೆಂಪಗೆ ಇತ್ತು. ನಿದ್ದೆ ಬಂದವಳ ಹಾಗೆ ಇದ್ದಳು. ಜೀವ ಇರಲಿಲ್ಲ.

ಜನ ಸೇರಿದರು. ಗೌಂಡಿ ಮಗಳ ಮುಖ ನೋಡಲಾರದೆ ನೆಲ ನೋಡಿದ. ಹೊರಸಿನ ಕೆಳಗೆ ಅಗ್ಗಿಷ್ಟಿಕೆ ಕಂಡಿತು. ಅದರಲ್ಲಿ ಇದ್ದಿಲು ಪೂರ್ತಿ ಬೂದಿಯಾಗಿರಲಿಲ್ಲ. ಮುಂಜಾನೆ ಅವನು ಹಾಕಿದ ಇದ್ದಿಲು ಅರ್ಧ ಉರಿದು, ಕಪ್ಪಗೆ, ಹಾಗೆಯೇ ಆರಿ ನಿಂತಿತ್ತು. ಅದಕ್ಕೆ ಯಾರೂ ನೀರು ಹಾಕಿರಲಿಲ್ಲ. ಹಗ್ಗದ ತುದಿಯಲ್ಲಿ ಆರಿದ ದೀಪವನ್ನು ಅವನು ಎಷ್ಟೋ ಸಲ ಮೇಲಕ್ಕೆ ಎಳೆದವನು. ನೋಡಿದ ಕೂಡಲೇ ತಿಳಿಯಿತು. ಬೆಂಕಿಗೇ ಉಸಿರು ಸಾಲದ ಕೋಣೆಯಲ್ಲಿ ಅವನು ಮಗಳನ್ನು ಒಂಬತ್ತು ದಿನ ಮಲಗಿಸಿದ್ದ.

ಊರಿನವರಿಗೆ ಅದು ಕಾಣಲಿಲ್ಲ. ಅಷ್ಟು ಬಂದೋಬಸ್ತು ಮಾಡಿದ್ದ ಕೋಣೆಗೆ ಗಾಳಿ ಹೇಗೆ ಹೊಕ್ಕಿತು ಎಂದು ಅವರು ಕೇಳಿಕೊಂಡರು. ಕೂಸನ್ನು ಎತ್ತಿಕೊಂಡು ಹೋಗುವಾಗ ಬಾಗಿಲು ತೆಗೆದವರು ಯಾರು ಎಂದು ನೋಡಿದರು. ಸೂಲಗಿತ್ತಿಗೆ ಬಾಯಿಗೆ ಬಂದದ್ದು ಅಂದರು. ಇನ್ನು ಮೇಲೆ ಇವಳನ್ನು ಯಾವ ಬಾಣಂತಿಯ ಹತ್ತಿರವೂ ಬಿಡಬಾರದು ಎಂದು ಊರ ಗೌಡ ಹೇಳಿದ. ಅವಳು ಗೌಂಡಿಯ ಮುಖ ನೋಡಿದಳು. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಹೇಳಲಿಲ್ಲ. ಅವಳು ಸೆರಗು ಹೊದ್ದು ಹೊರಟುಹೋದಳು. ಕೂಸನ್ನು ಬೀಗರು ಒಯ್ದರು.

ಹದಿನೈದು ದಿನ ಕಳೆದವು. ಗೌಡನೇ ಗೌಂಡಿಯ ಮನೆಗೆ ಬಂದ. ಗೌಡನ ಮಗಳು ತವರಿಗೆ ಬಂದಿದ್ದಳು. ಅವಳದೂ ಚೊಚ್ಚಲು, ಎಂಟು ತುಂಬಿತ್ತು.

“ನೀ ಮಾಡಿದಂಥಾ ಖೋಲಿನ ನನ್ನ ಮಗಳಿಗೂ ಆಗಬೇಕು,” ಎಂದ ಗೌಡ. “ನಿನ್ನ ಮನ್ಯಾಗ ಬಾಗಿಲಾ ತಗಿಯೋರು ಇದ್ರು. ನಮ್ಮ ಮನ್ಯಾಗ ಯಾರೂ ತಗಿಯೂದಿಲ್ಲ.”

ಗೌಂಡಿ ಹೇಳಬೇಕಾದದ್ದು ಒಂದೇ ಮಾತು. ಹೊರಗಿನ ಗಾಳಿ ಯಾರನ್ನೂ ಕೊಲ್ಲಲಿಲ್ಲ, ಒಳಗಿನದು ಕೊಂದಿತು. ಆದರೆ ಅದನ್ನು ಹೇಳಿದರೆ ಒಳಗಿನದನ್ನು ಕೂಡಿಹಾಕಿದವನು ಯಾರು ಎಂದೂ ಹೇಳಬೇಕಾಗುತ್ತಿತ್ತು. ಮಗಳನ್ನು ಕೊಂದ ಅಪ್ಪ ಎಂದು ಆ ಊರಿನಲ್ಲಿ ಉಳಿಯಬೇಕಾಗುತ್ತಿತ್ತು. ಮಾಡುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ಮಾಡುತ್ತೇನೆ ಎನ್ನಲು ನಾಲಿಗೆ ಏಳಲಿಲ್ಲ. ಕೊನೆಗೆ ಅವನು, ಪಕ್ಕದ ಊರಿನಿಂದ ಸುಣ್ಣ ತರಬೇಕು ಎಂದ. ಗೌಡ ಒಪ್ಪಿದ. ಬೇಕಾದರೆ ಬಂಡಿ ಕಳಿಸುತ್ತೇನೆ ಎಂದ. ಬೇಡ, ತಲೆಯ ಮೇಲೆ ತರುತ್ತೇನೆ ಎಂದ ಗೌಂಡಿ.

ನಡುಮಧ್ಯಾಹ್ನ ಕರಣಿ, ತೂಗುಗುಂಡು ಚೀಲಕ್ಕೆ ಹಾಕಿಕೊಂಡು ಹೊರಟ. ದಾರಿಯಲ್ಲಿ ಸಿಕ್ಕವರು ಬೇಗ ಬಾ ಎಂದರು. ಅವನು ಯಾರ ಜೊತೆಯೂ ಜಗಳವಾಡಲಿಲ್ಲ. ಯಾರಿಗೂ ಕೆಟ್ಟ ಮಾತು ಆಡಲಿಲ್ಲ. ತಾನು ಇಲ್ಲದಿದ್ದರೆ ಆ ಕೋಣೆಯ ಕೆಲಸ ನಿಲ್ಲುತ್ತದೆ, ಗೌಡನ ಮಗಳು ಎಲ್ಲರಂತೆ ಕಿಂಡಿಯ ಕೆಳಗೆ ಮಲಗುತ್ತಾಳೆ ಎಂದುಕೊಂಡ. ಹಾಗೆ ಅಂದುಕೊಂಡು ಎರಡು ಹರದಾರಿ ನಡೆದ.

ಹಳ್ಳ ದಾಟುವಾಗ ತಮ್ಮನ ನೆನಪಾಯಿತು. ಮಣ್ಣು ತುಳಿದು ಕೊಟ್ಟವನು ಅವನು. ಯಾವ ಸಂದಿಗೆ ಏನು ತುಂಬಿದ್ದು ಎಂದು ಹತ್ತಿರ ನಿಂತು ನೋಡಿದವನು. ಅಣ್ಣ ಬರದಿದ್ದರೆ ಗೌಡ ತಮ್ಮನನ್ನು ಕರೆಯುತ್ತಾನೆ. ತಮ್ಮ ಅಣ್ಣನ ಹಾಗೆಯೇ ಮಾಡುತ್ತಾನೆ, ಒಂದು ಕೂದಲೂ ಹೆಚ್ಚು ಕಡಿಮೆಯಾಗದಂತೆ. ಬೇಡ ಎನ್ನಲು ಇದ್ದವಳು ಒಬ್ಬಳೇ ಸೂಲಗಿತ್ತಿ. ಅವಳನ್ನು ಆ ಮನೆಯ ಹೊಸ್ತಿಲು ತುಳಿಯಲು ಬಿಡುವುದಿಲ್ಲ.

ಅವನು ಹಳ್ಳದ ನೀರಿನಲ್ಲಿ ನಿಂತ. ಮೊಣಕಾಲಿನವರೆಗೆ ನೀರು. ತಿರುಗಿ ಹೋದರೆ ಸಂಜೆಯೊಳಗೆ ಊರು ಮುಟ್ಟಬಹುದಿತ್ತು. ದಿನ ತುಂಬಲು ಇನ್ನೂ ಒಂದು ತಿಂಗಳಿತ್ತು. ಸ್ವಲ್ಪ ಹೊತ್ತು ನಿಂತು, ಆಚೆ ದಂಡೆಗೆ ಹತ್ತಿದ.

ಆಮೇಲೆ ಅವನು ಯಾವ ಊರಿನಲ್ಲಿಯೂ ಒಂದು ಮಳೆಗಾಲಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಕೆಲಸ ಸಿಗುತ್ತಿತ್ತು. ಕೈ ಒಳ್ಳೆಯದು, ಮಾತು ಕಡಿಮೆ, ಜನ ಇಟ್ಟುಕೊಳ್ಳುತ್ತಿದ್ದರು. ಆದರೆ ಅವನ ಸೀಮೆಯ ಕಡೆಯಿಂದ ಯಾರಾದರೂ ಬಂದಿದ್ದಾರೆ ಎಂದು ಕಿವಿಗೆ ಬಿದ್ದರೆ ಸಾಕು, ಅವರು ಬಾಯಿ ತೆರೆಯುವ ಮೊದಲೇ ಚೀಲ ಹೆಗಲಿಗೆ ಹಾಕುತ್ತಿದ್ದ.

ಅಜ್ಜಾರು ಇಷ್ಟು ಹೇಳಿ ನಿಲ್ಲಿಸಿದರು. ಕತೆ ಮುಗಿದಿದೆ ಎಂದು ನನಗೆ ಅನಿಸಲಿಲ್ಲ. ಇನ್ನೂ ಹೇಳುತ್ತಾರೆ ಎಂದು ಕಾದೆ.

“ಅಜ್ಜಾರ, ಗೌಡನ ಮಗಳು ಉಳಿದಳೋ?” ಎಂದು ಕೇಳಿದೆ.

“ಎದ್ದು ಹೋದವಗ ಅದು ತಿಳಿಯೂದಿಲ್ಲ.”

ಅವರು ಎದ್ದು ಒಳಗೆ ಹೋದರು. ನಾನು ಹಗ್ಗದ ಮೇಲಿದ್ದ ಅಂಗಿ ತೆಗೆದೆ, ಕಂಬಳಿ ಸುತ್ತಿದೆ, ಗಂಟು ಕಟ್ಟಲು ಕುಳಿತೆ. ಎರಡು ಸಲ ಬಿಚ್ಚಿಕೊಂಡಿತು. ಮೂರನೆಯ ಸಲ ಹಲ್ಲಿನಿಂದ ಕಚ್ಚಿ ಬಿಗಿದೆ.