ಬಾಗುಬಂಡೆ ಗವಿಯ ಮಹಿಮೆ

ಪಾಳೆಯಗಾರರ ಕುದುರೆಗಳು ನಾಡನ್ನು ತುಳಿಯುತ್ತಿದ್ದ, ಕಾವಿಯುಟ್ಟ ಕ್ರೈಸ್ತ ಗುರುಗಳು ವರ್ಷಕ್ಕೊಮ್ಮೆ ಕಾಲ್ನಡಿಗೆಯಲ್ಲಿ ಬಂದು ದಿವ್ಯ ಬಲಿಪೂಜೆಯನ್ನರ್ಪಿಸಿ ಮುಂದಿನ ಊರಿಗೆ ತೆರಳುತ್ತಿದ್ದ ಪೂರ್ವಕಾಲದಲ್ಲಿ, ನೆಲ್ಲಿಗುಡ್ಡದ ತಪ್ಪಲಿನ ಕ್ರೈಸ್ತ ಕೇರಿಗೆ ಇನ್ನಾಸಪ್ಪನೆಂಬ ಉಪದೇಶಿಯಿದ್ದನು. ಗುರುಗಳಿಲ್ಲದ ದಿನಗಳಲ್ಲಿ ಜಪ ಹೇಳಿಕೊಡುವುದು, ಹಸುಗೂಸುಗಳಿಗೆ ಜ್ಞಾನಸ್ನಾನ ಮಾಡಿಸುವುದು, ಸತ್ತವರನ್ನು ಮಣ್ಣುಮಾಡುವುದು ಅವನ ಕೈಂಕರ್ಯ. ಅವನಲ್ಲಿ ವಿಶ್ವಾಸಕ್ಕೆ ಬರವಿರಲಿಲ್ಲ, ವಿನಯಕ್ಕಿತ್ತು. ದೇವರ ಮುಂದೆ ಧೂಳಾಗಿರಿ ಎಂದು ಊರಿಗೆಲ್ಲ ಬೋಧಿಸುವನು, ತಾನು ಮಾತ್ರ ಪಂಚೆಗೆ ಮಣ್ಣಾದೀತೆಂದು ಮೊಣಕಾಲೂರನು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! ಸಾಸಿವೆ ಕಾಳಿನಷ್ಟು ವಿಶ್ವಾಸವಿದ್ದರೆ ಬೆಟ್ಟವೂ ಸರಿಯುವುದೆಂಬ ಪ್ರಭುವಾಕ್ಯವನ್ನು ಓದುವಾಗಲಂತೂ, ಬೆಟ್ಟವು ತನ್ನ ಅಪ್ಪಣೆಗೇ ಕಾದು ನಿಂತಿದೆಯೆಂಬಂತೆ ಮೀಸೆಯನ್ನು ತಿರುವುತ್ತಿದ್ದನು.

ಒಂದು ವರ್ಷ ಮಾತೆಯ ಹಬ್ಬದಂದು ಕೇರಿಯ ಹೆಂಗಸರು ಗುಡ್ಡದ ಗವಿಯಲ್ಲಿ ಮರಿಯ ಮಾತೆಯ ಸ್ವರೂಪದ ಮುಂದೆ ಜಪಸರ ಹಿಡಿದು ಕುಳಿತಿದ್ದಾಗ, ಕುಂಭದ್ರೋಣ ಮಳೆ ಸುರಿದು, ಮೇಲಿನಿಂದ ಜಾರಿದ ಹೆಬ್ಬಂಡೆಯೊಂದು ಗವಿಯ ಬಾಯನ್ನು ಮುಚ್ಚಿಬಿಟ್ಟಿತು. ಒಳಗಿದ್ದವರಲ್ಲಿ ಇನ್ನಾಸಪ್ಪನ ಹೆಂಡತಿ, ತುಂಬುಬಸುರಿ ಜ್ಞಾನಮ್ಮನೂ ಇದ್ದಳು. ಗುಡ್ಡದ ನೀರೆಲ್ಲ ನೆತ್ತಿಯ ಬಿರುಕಿನ ಮೂಲಕ, ಬಾಯಿಗಿಂತ ತಗ್ಗಾಗಿದ್ದ ಗವಿಯೊಳಗೇ ಧುಮುಕತೊಡಗಿತು.

ಓಡಿಬಂದ ಗಂಡಸರ ಹಾರೆಗಳು ಒದ್ದೆ ಕಲ್ಲಿನ ಮೇಲೆ ಜಾರಿದವು. ಇನ್ನಾಸಪ್ಪನು ಎಲ್ಲರನ್ನೂ ಹಿಂದಕ್ಕೆ ಸರಿಸಿ, ಶಿಲುಬೆಯನ್ನೆತ್ತಿ, ಎದೆ ಸೆಟೆಸಿ ನಿಂತು, “ಬಂಡೆಯೇ, ಕರ್ತರ ನಾಮದಲ್ಲಿ ಸರಿ!” ಎಂದು ಗರ್ಜಿಸಿದನು. ಬಂಡೆ ಮಿಸುಕಲಿಲ್ಲ. ಇನ್ನೂ ಗಟ್ಟಿಯಾಗಿ ಕೂಗಿದನು. ಮತ್ತೆ ಕೂಗುವಷ್ಟರಲ್ಲಿ ದನಿ ಒಡೆದುಹೋಯಿತು.

“ಉಪದೇಸಿಗಳೇ, ಒಳಗಿನ ಕೂಗೂ ನಿಂತೋಯ್ತಲ್ಲಾ!” ಎಂದು ಮುದುಕ ಚೌರಪ್ಪನು ತಲೆ ತಲೆ ಬಡಿದುಕೊಂಡನು.

ಹೆಂಡತಿ ಹೋದಳು, ಕಾಣದ ಕೂಸೂ ಹೋಯಿತು ಎಂದುಕೊಂಡು ಇನ್ನಾಸಪ್ಪನು ಎತ್ತಿದ್ದ ಶಿಲುಬೆಯನ್ನು ಕೆಳಗಿಳಿಸಿದನು. ಇಷ್ಟು ಹೊತ್ತೂ ತಾನು ದೇವರನ್ನು ಬೇಡಿಯೇ ಇಲ್ಲವೆಂಬುದು ಅವನಿಗೆ ಆಗ ಹೊಳೆಯಿತು. ಆ ಮಳೆಯ ಆರ್ಭಟದ ನಡುವೆ, ಬೇರಾರಿಗೂ ಕೇಳಿಸದ ಶಾಂತಗಂಭೀರ ವಾಣಿಯೊಂದು ಅವನ ಕಿವಿಗೆ ಬಿದ್ದಿತು: “ಬೆಟ್ಟ ನನ್ನದು, ಮಗನೇ. ನಿನ್ನ ಮೊಣಕಾಲು ಮಾತ್ರ ನಿನ್ನದು.”

ಅವನು ಕುಸಿದು ಕೆಸರಿಗೆ ಮುಖವಿಟ್ಟನು. ಬಂಡೆಯ ಬುಡದಲ್ಲೊಂದು ಸಂದಿಯಿತ್ತು. ಆ ಸಂದಿಯಿಂದ ಜ್ಞಾನಮ್ಮನ ದನಿ ಬಂದಿತು.

“ಆಗಿಂದ ಕರೀತಾ ಇವ್ನಿ, ನಿಂತ್ಕಂಡು ಕೂಗುದ್ರೆ ಏನ್ ಕೇಳಾದು? ಇಲ್ಲಿ ಮಣ್ಣು ಮೆತ್ತಗದೆ. ಅತ್ಲಾಗಿಂದ ತೋಡಿ. ನೀರು ಎದೆಮಟ್ಟ ಬಂತು.”

ಅವನು ಬರಿಗೈಯಿಂದಲೇ ತೋಡಿದನು. ಬುಡ ಸಡಿಲವಾದರೆ ಕಲ್ಲು ಮೈಮೇಲೆಯೇ ಬೀಳುವುದೆಂದು ಚೌರಪ್ಪನು ಕಾಲು ಹಿಡಿದೆಳೆದರೂ ಏಳಲಿಲ್ಲ. “ಕರ್ತರೇ, ನನ್ನ ಕೈಲಾಗದು, ನೀವೇ ಕಾಯಿರಿ” ಎಂಬುದೊಂದೇ ಅವನ ಜಪ. ಉಗುರುಗಳು ಕಿತ್ತುಬಂದವು. ಒಮ್ಮೆಗೇ ಬಂಡೆ ನರಳಿತು, ಹೊರಮುಖವಾಗಿ ವಾಲಿತು, ಅವನ ತಲೆಯ ಜರತಾರಿ ರುಮಾಲನ್ನು ಕೆಡವಿ ಅರೆದು, ಬೆನ್ನಿನಿಂದ ಗೇಣು ಮೇಲಕ್ಕೆ ಬಂದು ನಿಂತಿತು. ಹಿಂದಣ ಅಂಚು ಮೇಲೆದ್ದು ದಾರಿ ತೆರೆಯಿತು. ಹೆಂಗಸರು ಒಬ್ಬೊಬ್ಬರಾಗಿ ಅವನ ಪಕ್ಕದಲ್ಲೇ ತೆವಳಿ ಹೊರಬಂದರು. ಎಲ್ಲರನ್ನೂ ಮುಂದೆ ಕಳುಹಿಸಿ ಕಟ್ಟಕಡೆಗೆ ಬಂದ ಜ್ಞಾನಮ್ಮನ ಕೈ ಸಿಗುವವರೆಗೂ ಅವನು ಉಸಿರು ಬಿಡಲಿಲ್ಲ. ಸಿಕ್ಕ ಮೇಲೆ ಮಗುವಿನಂತೆ ಅತ್ತನು.

ಅಂದು ವಾಲಿದ ಬಂಡೆಯು ಇಂದಿಗೂ ಹಾಗೆಯೇ ತಲೆಬಾಗಿ ನಿಂತಿದೆ. ಭಕ್ತಾದಿಗಳು ಅದರ ಕೆಳಗೆ ಮೊಣಕಾಲೂರಿ ತೆವಳಿಯೇ ಮಾತೆಯ ಸನ್ನಿಧಿಯನ್ನು ಸೇರಬೇಕು; ಹಬ್ಬಕ್ಕೆ ಬಿಜಯಂಗೈಯುವ ಧರ್ಮಾಧ್ಯಕ್ಷರೂ ಮುಕುಟವನ್ನು ತೆಗೆದಿಟ್ಟು ಹಾಗೆಯೇ ಹೋಗುತ್ತಾರೆ. ಮರುವರ್ಷ ಬಂದ ಗುರುಗಳು, ಯಾವ ಜಪಕ್ಕೆ ಈ ಬಂಡೆ ಬಾಗಿತೆಂದು ಕೇಳಿದಾಗ ಇನ್ನಾಸಪ್ಪನು ಕೊಟ್ಟ ಉತ್ತರವನ್ನು, ಬಾಗಿಲಲ್ಲಿ ಬಟ್ಟೆ ಕೊಳೆಯಾದೀತೆಂದು ತಡವರಿಸುವವರಿಗೆ ಊರಿನ ಮುದುಕಿಯರು ಈಗಲೂ ಹೇಳುತ್ತಾರೆ:

“ಬಂಡೆ ಬಿರ್‍ರನೆ ಬಾಗ್ತು ಸ್ವಾಮಿ. ಹೊತ್ತು ಹಿಡಿದದ್ದು ನನಗೆ.”