ಕದ್ದ ಕೊಂಬೆ

‘ಬುದ್ಧಿ, ಇಷ್ಟು ಪ್ರೀತಿ ಮಾಡಿದರೂ ನನ್ನ ಸೊಸೆ ಯಾಕೆ ಬಾಡುತ್ತಿದ್ದಾಳೆ?’ ಎಂದು ನಂಜಮ್ಮಣ್ಣಿ ಮಠದ ಗುರುಗಳನ್ನು ಕೇಳಿದಳು.

ಅಂತಿಂಥ ಪ್ರೀತಿಯಲ್ಲ ಅದು. ಹೊಸದಾಗಿ ಬಂದ ಹುಡುಗಿಯ ತಲೆ ಬಾಚುವವಳು ಅತ್ತೆ, ತಟ್ಟೆಗೆ ತುಪ್ಪ ಸುರಿಯುವವಳು ಅತ್ತೆ. ಹುಡುಗಿ ಒಂದು ಗಳಿಗೆ ಸುಮ್ಮನೆ ಕೂತರೆ ಸಾಕು, ತವರು ನೆನಪಾಯಿತೇ, ಹೊಟ್ಟೆನೋವೇ, ನನ್ನ ಮಗ ಏನಾದರೂ ಅಂದನೇ ಎಂದು ಬೆನ್ನು ಸವರುತ್ತ ನಿಲ್ಲುವಳು. ಬೇರೆ ಮನೆಗಳಲ್ಲಿ ಅತ್ತೆ ಬೈದಳೆಂದು ಸೊಸೆ ಬಾಗಿಲ ಹಿಂದೆ ಅಳುತ್ತಾಳೆ. ಇಲ್ಲಿ ಅತ್ತೆ ಮುದ್ದು ಮಾಡಿದಳೆಂದು ಅಳುತ್ತಿದ್ದಳು. ಬೀದಿಯ ಬಾಯಿಗೆ ಇದಕ್ಕಿಂತ ರುಚಿಯಾದದ್ದು ಸಿಗುವುದುಂಟೇ? ಈಗ ಹುಡುಗಿ ತವರಿಗೆ ಕಳಿಸಿ ಎಂದು ಹಟ ಹಿಡಿದಿದ್ದಳು. ಮತ್ತೆ ಯಾವಾಗ ಬರುತ್ತೀಯೆ ಎಂದರೆ ಬಾಯಿ ಬಿಡುತ್ತಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಮನೆಯ ಕಿಟಕಿಯ ಮೇಲೆ ಎತ್ತರದ ಹಲಗೆ. ಹಲಗೆಯ ಮೇಲೆ ಕುಂಡ. ಕುಂಡದಲ್ಲಿ ಒಂದು ಗಿಡ. ಎಲೆಗಳು ಎಳೆಮಗುವಿನ ಕಾಲ್ಬೆರಳ ಹಾಗೆ ದಪ್ಪ, ಚಿವುಟಿದರೆ ಒಳಗೆಲ್ಲ ರಸ. ಅದನ್ನು ನೆಟ್ಟವಳು ಅವನ ತೀರಿಹೋದ ತಾಯಿ. ವ್ಯಾಪಾರಿಯ ಹೆಂಡತಿ ಕುಳ್ಳಿ. ಅವಳ ಚೊಂಬು ಅಲ್ಲಿಗೆ ಎಟುಕುತ್ತಿರಲಿಲ್ಲ. ಹಾಗಾಗಿ ಗಿಡ ಸುಖವಾಗಿತ್ತು.

ಹೆಂಡತಿ ದೊಡ್ಡ ಮನಸ್ಸಿನವಳು. ಅರಿಶಿನ ಕುಂಕುಮಕ್ಕೆ ಬಂದ ಪ್ರತಿ ಹೆಂಗಸಿಗೂ ಉದ್ದ ಕೋಲಿನಿಂದ ಒಂದು ಕೊಂಬೆ ಕೆಡವಿ ಕೊಡುವಳು. ಈಗಲೇ ನೆಡಿ, ಚೆನ್ನಾಗಿ ನೀರು ಹಾಕಿ ಎನ್ನುವಳು. ಅಷ್ಟಕ್ಕೇ ಬಿಟ್ಟಳೇ? ಮರುದಿನ ಚೊಂಬು ಹಿಡಿದು ಅವರ ಮನೆಗೇ ಹೋಗಿ ತಾನೂ ಹಾಕುವಳು. ಮಣ್ಣು ಒಣಗಿದೆ ನೋಡು, ನಿನಗೆ ಕರುಣೆಯೇ ಇಲ್ಲ ಎಂದು ಮನೆಯವಳಿಗೆ ಬುದ್ಧಿ ಹೇಳಿ ಬರುವಳು. ವಾರ ಕಳೆಯುವುದರೊಳಗೆ ಬುಡ ಕಪ್ಪಾಗಿ, ಎಲೆ ಲೊಳಲೊಳ ಎಂದು, ಗಿಡ ಕೊಳೆತು ಬೀಳುತ್ತಿತ್ತು. ಒಂದು ಮನೆಯಲ್ಲಿ ಅಲ್ಲ, ಬೀದಿಗೆ ಬೀದಿಯಲ್ಲೇ.

ಎದುರುಮನೆಯಲ್ಲಿ ದರ್ಜಿಯ ಹೆಂಡತಿ. ಅವಳಿಗೆ ಕೊಟ್ಟದ್ದೂ ಕೊಳೆಯಿತು. ಕೊಟ್ಟ ಗಿಡಕ್ಕಿಂತ ಕದ್ದ ಗಿಡ ಬೇಗ ಹತ್ತುತ್ತದೆ ಎಂಬ ಮಾತಿದೆಯಲ್ಲ, ಅದನ್ನು ಎಲ್ಲ ಊರಿನ ಹೆಂಗಸರೂ ನಂಬುತ್ತಾರೆ, ಮಾಡಿದ್ದೇನೆ ಎಂದು ಒಬ್ಬಳೂ ಒಪ್ಪುವುದಿಲ್ಲ. ದರ್ಜಿಯ ಹೆಂಡತಿ ಒಂದು ದಿನ ಮೊಸರಿಗೆ ಹೆಪ್ಪು ಕೇಳಲು ಹೋದಳು. ವ್ಯಾಪಾರಿಯ ಹೆಂಡತಿ ಹೆಪ್ಪು ತರಲು ಒಳಗೆ ಹೋದಳು. ದರ್ಜಿಯ ಹೆಂಡತಿ ಎತ್ತರದವಳು.

ಕೊಂಬೆ ಸೆರಗಿನಲ್ಲಿ ಮನೆ ಸೇರಿತು. ನೆಡುವುದು ಹೇಗೆ? ಎದುರುಮನೆಯವಳು ಚೊಂಬು ಹಿಡಿದು ಯಾವ ಗಳಿಗೆಯಲ್ಲಿ ನುಗ್ಗುತ್ತಾಳೋ ಎಂಬ ಭಯ. ಗೂಡಿನಲ್ಲಿ ಎಣ್ಣೆ ಡಬ್ಬಿಯ ಹಿಂದೆ ಬಚ್ಚಿಟ್ಟಳು. ಅದು ಅಲ್ಲೇ ಬಿದ್ದಿತ್ತು. ಮುರಿದ ಜಾಗ ಒಣಗಿ ಗಾಯದ ಹಕ್ಕಳೆಯಂತೆ ಗಟ್ಟಿಯಾದ ಮೇಲೆ ಅವಳಿಗೆ ಧೈರ್ಯ ಬಂತು. ಬಾಯಿ ಒಡೆದ ಚಹಾ ಬಟ್ಟಲಿಗೆ ಮರಳು ಮಣ್ಣು ತುಂಬಿ, ಕೊಂಬೆ ಸಿಕ್ಕಿಸಿ, ಹಿತ್ತಲ ಗೋಡೆಯ ಸಂದಿಯಲ್ಲಿಟ್ಟಳು. ಯಾರಾದರೂ ಕಂಡಾರು ಎಂದು ನೀರು ಹಾಕಲೂ ಹೋಗಲಿಲ್ಲ. ಯಾವಾಗಲೋ ಬಟ್ಟೆ ಹಿಂಡುವಾಗ ನಾಲ್ಕು ಹನಿ ಬಿದ್ದಿರಬೇಕು. ಕೊಂಬೆ ಬೇರು ಬಿಟ್ಟಿತು. ಬುಡದಲ್ಲಿ ಮರಿ ಇಣುಕಿತು.

ಅಷ್ಟು ಹೊತ್ತಿಗೆ ಬೀದಿಯಲ್ಲಿ ಬೇರೆ ಮಾತು ಎದ್ದಿತ್ತು. ವ್ಯಾಪಾರಿಯ ಹೆಂಡತಿಯ ಕೈಗುಣ ಸರಿಯಿಲ್ಲ, ಅವಳು ಮುಟ್ಟಿದ್ದು ಕೊಳೆಯುತ್ತದೆ ಎಂದು. ಮೊದಲು ಯಾರ ಬಾಯಲ್ಲಿ ಹುಟ್ಟಿತೋ, ಎಲ್ಲರೂ ಪಕ್ಕದವಳನ್ನು ತೋರಿಸುತ್ತಿದ್ದರು. ಬೀದಿ ಕೊನೆಯ ಮನೆಯಲ್ಲಿ ಮದುವೆ ಬಂತು. ಮದುವೆಗೆ ಮುಂಚೆ ಮಣ್ಣಿನ ಪಾಲಿಕೆಗೆ ನವಧಾನ್ಯ ಹಾಕುವ ಶಾಸ್ತ್ರ. ಮೊಳಕೆ ಚೆನ್ನಾಗಿ ಬಂದರೆ ಹೆಣ್ಣಿನ ಬಾಳು ಚೆನ್ನ. ಬೀದಿಯ ಮುತ್ತೈದೆಯರನ್ನೆಲ್ಲ ಕರೆದರು. ಅವಳೊಬ್ಬಳನ್ನು ಬಿಟ್ಟರು.

ರೇಷ್ಮೆ ಸೀರೆ ಉಟ್ಟು ಕಾದಿದ್ದಳು ಪಾಪ. ಕರೆಯುವವರು ಅವಳ ಬಾಗಿಲು ದಾಟಿ ಮುಂದೆ ಹೋದರು. ಅವಳು ಕದ ಮುಚ್ಚಿ ತನ್ನ ಅಂಗೈಯನ್ನೇ ನೋಡುತ್ತ ಕೂತಳು.

ದರ್ಜಿಯ ಹೆಂಡತಿಯೂ ಬೇಕಾದಷ್ಟು ಆಡಿಕೊಂಡವಳೇ. ಆದರೆ ಆ ಮುಚ್ಚಿದ ಕದ ನೋಡಿ ಅವಳಿಗೆ ತಡೆಯಲಾಗಲಿಲ್ಲ. ಹಿತ್ತಲಿಗೆ ಹೋಗಿ, ಬಟ್ಟಲು ಎತ್ತಿಕೊಂಡು, ಹಾಡಹಗಲಲ್ಲೇ ಬೀದಿ ದಾಟಿದಳು.

‘ಅಕ್ಕಾ, ಇದು ನಿನ್ನ ಗಿಡದ್ದೇ. ಹೆಪ್ಪು ಕೇಳೋ ನೆವದಲ್ಲಿ ಕದ್ದಿದ್ದೆ.’

ವ್ಯಾಪಾರಿಯ ಹೆಂಡತಿ ಗಿಡ ನೋಡಿದಳು, ಮರಿ ನೋಡಿದಳು. ‘ನಾನು ಕೊಟ್ಟಿದ್ದು ಕೊಳೀತು, ನೀನು ಕದ್ದಿದ್ದು ಚಿಗುರಿತು. ಅವರು ಅನ್ನೋದು ಸುಳ್ಳಲ್ಲ ಕಣೆ, ನನ್ನ ಕೈಯೇ ಕೆಟ್ಟದ್ದು’ ಎಂದಳು. ಹೇಳುತ್ತ ಹೇಳುತ್ತಲೇ, ಅಭ್ಯಾಸ ನೋಡಿ, ಪಕ್ಕದ ಚೊಂಬನ್ನು ಎತ್ತಿಕೊಂಡಳು.

ದರ್ಜಿಯ ಹೆಂಡತಿ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

‘ತಪ್ಪು ಕೈಯದಲ್ಲ ಅಕ್ಕಾ, ಈ ಚೊಂಬಿನದು. ನಿನ್ನ ಭಯಕ್ಕೆ ನಾನಿದನ್ನ ಮುಟ್ಟಲೇ ಇಲ್ಲ. ಮುರಿದ ಗಾಯ ತಾನೇ ಒಣಗಿತು. ಆಮೇಲೆ ತಾನೇ ಬೇರು ಬಿಡ್ತು.’

ಹಿಡಿದ ಕೈಯನ್ನು ಬಿಡದೆ ಅವಳನ್ನು ಮದುವೆ ಮನೆಗೆ ಎಳೆದುಕೊಂಡು ಹೋದಳು. ನೆರೆದ ಹೆಂಗಸರ ನಡುವೆ ತನ್ನ ಕಳ್ಳತನವನ್ನು ತಾನೇ ಹೇಳಿದಳು. ಒಳ್ಳೆಯ ಮಾತಾಗಿದ್ದರೆ ಯಾರೂ ನಂಬುತ್ತಿರಲಿಲ್ಲ. ಕಳ್ಳತನದ ಮಾತು, ಎಲ್ಲರೂ ನಂಬಿದರು. ವ್ಯಾಪಾರಿಯ ಹೆಂಡತಿಯ ಕೈಯಿಂದಲೇ ಪಾಲಿಕೆಗೆ ಕಾಳು ಬಿತ್ತು. ನೀರು ಹಾಕುವ ಕೆಲಸವನ್ನು ಮಾತ್ರ ಬೇರೆಯವಳಿಗೆ ಕೊಟ್ಟರು. ಮೊಳಕೆ ಬೆರಳುದ್ದ ಬಂತು.

ಗುರುಗಳು ಕತೆ ನಿಲ್ಲಿಸಿದರು.

ನಂಜಮ್ಮಣ್ಣಿ ಸೊಸೆಗೆಂದು ಪ್ರಸಾದವನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಇದನ್ನು ಹೋದ ತಕ್ಷಣ ನಾನೇ ಬಾಯಿಗೆ ಇಟ್ಟು ತಿನ್ನಿಸುತ್ತೇನೆ, ಮತ್ತೆ ಇನ್ನೇನು ಮಾಡಲಿ ಬುದ್ಧಿ ಎಂದು ಕೇಳಿದಳು.

‘ಆ ಹುಡುಗಿಯನ್ನು ಕದ್ದು ತಂದಿದ್ದೀನಿ ಅಂದುಕೋ ತಾಯಿ’ ಎಂದರು ಗುರುಗಳು.

ನಂಜಮ್ಮಣ್ಣಿಯ ಕೈ ಸೆರಗಿನ ಗಂಟಿನ ಮೇಲೆ ನಿಂತಿತು. ಆಮೇಲೆ ಗಂಟು ಬಿಚ್ಚಿ, ಪ್ರಸಾದವನ್ನು ಅಲ್ಲೇ ತಾನೇ ತಿಂದು ಎದ್ದಳು.