ನಂದಿಬಟ್ಟಲಿನ ನಾಗಪ್ಪ

ನಂದಿಬಟ್ಟಲು ಗಿಡದಲ್ಲಿ ಗಿಡುಗ ಪತಂಗದ ಹಸಿರು ಹುಳುವೊಂದು ಎಲೆ ತಿಂದು ಬೆಳೆಯುತ್ತಿತ್ತು. ಅದರ ಬೆನ್ನಿನ ಮೇಲೆ ಕಣ್ಣಿನಂಥ ಎರಡು ನೀಲಿ ಮಚ್ಚೆಗಳಿದ್ದವು. ಅದೇ ಗಿಡದಲ್ಲಿ ಎಲೆ ಹೊಲಿದು ಗೂಡು ಕಟ್ಟಿದ್ದ ಟುವ್ವಿ ಹಕ್ಕಿ ಹತ್ತಿರ ಬಂದಾಗಲೆಲ್ಲ ಹುಳು ಮೈ ಉಬ್ಬಿಸಿ ಆ ಮಚ್ಚೆಗಳನ್ನು ತೋರಿಸುತ್ತಿತ್ತು.

"ನಾನು ಹಾವು. ದೂರ ಇರು."

"ಆಗಲಿ ನಾಗಪ್ಪ," ಎಂದು ಟುವ್ವಿ ಹಿಂದೆ ಸರಿಯುತ್ತಿತ್ತು. ಹುಳು ಬೀಗುತ್ತಿತ್ತು.

ಒಂದು ಮಧ್ಯಾಹ್ನ ಓತಿಕ್ಯಾತವೊಂದು ಗೂಡಿನತ್ತ ಹತ್ತಿ ಬಂತು. "ನಾಗಪ್ಪ, ಒಂದೇ ಒಂದು ಸಲ ಮೈ ಉಬ್ಬಿಸು! ಅದು ಹೆದರಿ ಓಡುತ್ತದೆ," ಎಂದು ಟುವ್ವಿ ಕೂಗಿಕೊಂಡಿತು. ಹುಳು ಸದ್ದಿಲ್ಲದೆ ಎಲೆಯಡಿಗೆ ಜಾರಿತು. ಓತಿಕ್ಯಾತ ಗೂಡಿನಲ್ಲಿದ್ದ ಮೂರು ಮರಿಗಳಲ್ಲಿ ಒಂದನ್ನು ಕಚ್ಚಿಕೊಂಡು ಇಳಿದುಹೋಯಿತು.

ಆಮೇಲೆ ಹುಳು ಹೊರಗೆ ಬಂದು, "ತಪ್ಪಾಯಿತು. ನಾನು ಹಾವಲ್ಲ, ಬರೀ ಎಲೆ ತಿನ್ನುವ ಹುಳು," ಎಂದಿತು.

"ಗೊತ್ತಿತ್ತು," ಎಂದಿತು ಟುವ್ವಿ. "ಗಿಡದ ಬುಡದಲ್ಲಿ ದಿನಾ ನಿನ್ನ ಹಿಕ್ಕೆ ನೋಡುತ್ತಿದ್ದೆ. ಎಲೆ ತಿನ್ನುವ ಹಾವು ಎಲ್ಲಾದರೂ ಉಂಟೆ? ಮಕ್ಕಳು ಹಸಿದು ಅಳುವಾಗಲೂ ನಿನ್ನನ್ನು ಕುಕ್ಕಲಿಲ್ಲ. ಆ ಸುಳ್ಳು ಕಣ್ಣು ಒಂದು ದಿನ ಅವಕ್ಕೆ ಕಾವಲಾದೀತು ಎಂದುಕೊಂಡಿದ್ದೆ."

ಹುಳು ಅವತ್ತೇ ಗಿಡದಿಂದ ಇಳಿದು ತರಗೆಲೆಯಡಿ ಸೇರಿಕೊಂಡಿತು. ಕೆಲವು ವಾರಗಳ ನಂತರ ರೆಕ್ಕೆ ಮೂಡಿ, ಪತಂಗವಾಗಿ ಮೇಲೆದ್ದಿತು. ಈಗ ಅದು ಗಾಳಿಯಲ್ಲಿ ನಿಂತೇ ಮಕರಂದ ಹೀರುತ್ತದೆ. ನಂದಿಬಟ್ಟಲು ಹೂವು, "ಕೂತು ಕುಡಿಯಪ್ಪ," ಎಂದು ಕರೆಯುತ್ತದೆ.

"ಯಾವ ಮುಖ ಇಟ್ಟುಕೊಂಡು ಕೂರಲಿ?" ಎನ್ನುತ್ತದೆ ಪತಂಗ.